ಕೆಲಸ ಬೆಂಗಳೂರಲ್ಲಿ, ಮನೆ ಬಂಗಾರಪೇಟೆಯಲ್ಲಿ: ಒಂದು ರೈಲು ಹಾದಿಯ ಚರಿತ್ರೆ

ಕೋಲಾರ ಜಿಲ್ಲೆಯ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲುಗಳಲ್ಲಿ ಪ್ರವಾಸಿಗರು ಕಾಣುವುದಿಲ್ಲ. ಕೈಯಲ್ಲಿ ಟಿಫನ್ ಬಾಕ್ಸ್ ಇರುವ ಚೀಲ, ಜೇಬಲ್ಲಿ ತಿಂಗಳ ಪಾಸು ಇಟ್ಟುಕೊಂಡವರೇ ಎಲ್ಲ. ಸೆಕ್ಯುರಿಟಿ ಗಾರ್ಡುಗಳು, ಮಾಲ್‌ನಲ್ಲಿ ಬಟ್ಟೆ ಮಡಚುವ ಹುಡುಗಿಯರು, ಆಸ್ಪತ್ರೆಯ ಆಯಾಗಳು, ವೈರಿಂಗ್ ಕೆಲಸದವರು, ಆಫೀಸು ಗುಡಿಸುವವರು. ಮಾರಿಕುಪ್ಪಂ, ಕೋರಮಂಡಲ್, ಬಂಗಾರಪೇಟೆ, ಟೇಕಲ್, ಮಾಲೂರು ಹೀಗೆ ಒಂದೊಂದು ಸ್ಟೇಷನ್ನಿನಲ್ಲೂ ತುಂಬಿಕೊಳ್ಳುತ್ತಾ ರೈಲು ವೈಟ್‌ಫೀಲ್ಡ್ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಸುಮಾರು 85 ಕಿಲೋಮೀಟರ್. ಹೋಗಿ ಬರುವುದಕ್ಕೇ ದಿನದ ನಾಲ್ಕೈದು ಗಂಟೆ ಕಳೆಯುತ್ತದೆ.

ಊರಿನ ಹಿರಿಯರು ಇವರನ್ನು ಕೇಳುವುದು ಒಂದೇ ಪ್ರಶ್ನೆ. ಇಷ್ಟು ಒದ್ದಾಡೋ ಬದಲು ಅಲ್ಲೇ ಒಂದು ರೂಮು ಮಾಡ್ಕೊಂಡು ಇರಬಾರದಾ?

ಕೇಳುವುದು ಸುಲಭ. ಉತ್ತರಕ್ಕೆ ನೂರಿಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು. ಬೆಂಗಳೂರಲ್ಲಿ ಯಾರಿಗೆ ಮನೆ ಕಟ್ಟಿದರು, ಯಾರಿಗೆ ಬಸ್ಸು ಬಿಟ್ಟರು, ಯಾರ ಜಮೀನು ತೆಗೆದುಕೊಂಡರು ಅನ್ನುವ ಲೆಕ್ಕವನ್ನು ಬಿಚ್ಚಿ ನೋಡಬೇಕು. ಈ ಸಲ ನಾವು ಮಾಡಲು ಹೊರಟಿರುವುದು ಅದನ್ನೇ.

ಮೊದಲು ಹಳಿ ಬಂತು

ಈ ಹಾದಿ ಬೆಂಗಳೂರಿನ ಮೊದಲ ರೈಲು ಹಾದಿ. 1864ರಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಜೋಲಾರಪೇಟೆಗೆ ರೈಲು ಓಡಿತು. ಅಲ್ಲಿಂದ ಮುಂದಕ್ಕೆ ಮದ್ರಾಸು. ಮೈಸೂರಿಗೆ ರೈಲು ಬರಲು ಇನ್ನೂ ಸುಮಾರು ಹದಿನೆಂಟು ವರ್ಷ ಬೇಕಾಯಿತು. ಬ್ರಿಟಿಷರಿಗೆ ಬೇಕಿದ್ದುದು ಮದ್ರಾಸಿಗೂ ಬೆಂಗಳೂರಿನ ದಂಡಿಗೂ ಸಂಪರ್ಕ. ನಡುವೆ ಇದ್ದ ನಮ್ಮ ಊರುಗಳಿಗೆ ಸ್ಟೇಷನ್ ಸಿಕ್ಕಿದ್ದು ಆ ಹಾದಿಯಲ್ಲಿ ಇದ್ದ ಪುಣ್ಯಕ್ಕೆ. ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು.

ಆಮೇಲೆ ಚಿನ್ನ ಬಂತು. 1880ರಿಂದ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಯಲ್ಲಿ ಕೆಲಸ ಶುರುಮಾಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ಕವಲು ಹಳಿ ಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಹೊರಟಾಗ ಅದು ಮೊದಲು ಹೋಗಿದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ. ಇದನ್ನು ಹೇಳುವಾಗ ನಮ್ಮ ಜಿಲ್ಲೆಯವರ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ ಬಿಡಿ. ಆ ಕಾಲದಲ್ಲಿ ಕೆಲಸ ಹುಡುಕಿಕೊಂಡು ಜನ ಬರುತ್ತಿದ್ದುದು ಈ ಕಡೆಗೆ. ತಮಿಳು ಸೀಮೆಯ ಆರ್ಕಾಟಿನಿಂದ, ಆಂಧ್ರದ ಕಡೆಯಿಂದ ಬಂದ ಸಾವಿರಾರು ಕೂಲಿಗಳು ಗಣಿ ಕಂಪನಿಯ ಲೈನುಗಳಲ್ಲಿ ಇದ್ದರು. ಮನೆ ಅನ್ನುವಂತಿರಲಿಲ್ಲ, ತಡಿಕೆಯ ಗೋಡೆ, ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು. ಆದರೂ ಕೆಲಸ ಮತ್ತು ಮನೆ ಒಂದೇ ಕಡೆ ಇದ್ದವು. ಸೈರನ್ ಕೂಗಿದರೆ ನಡೆದೇ ಶಾಫ್ಟಿಗೆ ಹೋಗಬಹುದಿತ್ತು.

ಪ್ಲೇಗು ಹಾಕಿದ ನಕ್ಷೆ

ಬೆಂಗಳೂರು ಆಗ ಎರಡು ಊರು. ಒಂದು ಕೆಂಪೇಗೌಡರು ಕಟ್ಟಿದ ಪೇಟೆ, ಮೈಸೂರು ಮಹಾರಾಜರದ್ದು. ಇನ್ನೊಂದು 1809ರಿಂದ ಬೆಳೆದ ದಂಡು, ಬ್ರಿಟಿಷರದ್ದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಇವು ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

1898ರ ಆಗಸ್ಟಿನಲ್ಲಿ ಪ್ಲೇಗು ಬಂತು. ಹುಬ್ಬಳ್ಳಿ ಕಡೆಯಿಂದ ರೈಲಿನ ಹಾದಿ ಹಿಡಿದೇ ಬಂತು. ಇಕ್ಕಟ್ಟಾದ ಪೇಟೆಯ ಓಣಿಗಳಲ್ಲಿ ಜನ ಸಾಲುಸಾಲಾಗಿ ಸತ್ತರು, ಉಳಿದವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ನಮ್ಮ ಹಳ್ಳಿಗಳಲ್ಲಿ ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆಯಲ್ಲ, ಅವು ಆ ಕಾಲದ ನೆನಪು.

ಊರನ್ನು ಅಗಲ ಮಾಡಬೇಕು ಅನ್ನುವ ಮಾತು ಗಟ್ಟಿಯಾಗಿದ್ದು ಆಗ. ಮಲ್ಲೇಶ್ವರಂ ಮತ್ತು ಬಸವನಗುಡಿಯ ನಕ್ಷೆ 1890ರ ದಶಕದಲ್ಲೇ ಶುರುವಾಗಿತ್ತು. ಪ್ಲೇಗಿನ ನಂತರ ಜನ ಅಲ್ಲಿಗೆ ಹೋಗತೊಡಗಿದರು. ಅಗಲ ರಸ್ತೆ, ಗಾಳಿ, ಬೆಳಕು, ಮರ, ಪಾರ್ಕು. ಇವತ್ತು ಬೆಂಗಳೂರಿನ ಅಂದ ಅಂತ ಹೇಳುವುದೆಲ್ಲ ಅಲ್ಲಿಂದ ಬಂದದ್ದು.

ಆ ಬಡಾವಣೆಗಳಲ್ಲಿ ಒಂದು ವಿಷಯ ಗಮನಿಸಬೇಕು. ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಬಿಟ್ಟಿದ್ದರು, ಕನ್ಸರ್ವೆನ್ಸಿ ಲೇನ್ ಅಂತ. ಒಳಚರಂಡಿ ಇಲ್ಲದ ಕಾಲ. ಮಲ ತೆಗೆಯುವವರು ಮುಂಬಾಗಿಲಿನ ಕಡೆ ಬರದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ವ್ಯವಸ್ಥೆ ಅದು. ಅಂದರೆ ಕೆಲಸದವರು ಬಂದು ಹೋಗಲು ದಾರಿಯನ್ನು ನಕ್ಷೆಯಲ್ಲೇ ಬರೆದಿದ್ದರು. ಅವರು ಇರಲು ಜಾಗ ಬರೆಯಲಿಲ್ಲ. ಬೆಂಗಳೂರಿನ ವಸತಿ ಚರಿತ್ರೆಯನ್ನು ನಮಗೆ ಯಾರಾದರೂ ಒಂದು ಮಾತಲ್ಲಿ ಹೇಳು ಅಂದರೆ ನಾವು ಈ ಗಲ್ಲಿಯನ್ನೇ ತೋರಿಸುತ್ತೇವೆ.

ಸೈರನ್ ಕಾಲ: ಮನೆಯೂ ಇತ್ತು, ಬಸ್ಸೂ ಇತ್ತು

ಕೆಲಸಗಾರನಿಗೂ ಮನೆ ಕೊಡಬೇಕು ಅಂತ ಬೆಂಗಳೂರು ಯೋಚಿಸಿದ ಒಂದು ಕಾಲವೂ ಇತ್ತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಈಗಿನ ಹುಡುಗರಿಗೆ ಅದು ಕಟ್ಟುಕಥೆಯಂತೆ ಕೇಳಿಸುತ್ತದೆ.

1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು. ಅದೇ ಈಗಿನ ಎಚ್‌ಎಎಲ್. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ವಾಚು ಮತ್ತು ಯಂತ್ರಗಳ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ಜನಸಂಖ್ಯೆ 1941ರಲ್ಲಿ ಸುಮಾರು 4 ಲಕ್ಷ ಇದ್ದದ್ದು 1951ಕ್ಕೆ ಸುಮಾರು 7.8 ಲಕ್ಷ ಆಯಿತು. ಹತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟು.

ಈ ಕಾರ್ಖಾನೆಗಳು ತಮ್ಮ ಕೆಲಸಗಾರರಿಗೆ ಟೌನ್‌ಷಿಪ್ ಕಟ್ಟಿದವು. ಕೆ.ಆರ್. ಪುರಂ ಹತ್ತಿರದ ದೂರವಾಣಿನಗರ ಅಂದರೆ ಐಟಿಐ ಕಾಲೊನಿ. ಕ್ವಾರ್ಟರ್ಸು, ಸ್ಕೂಲು, ಆಸ್ಪತ್ರೆ, ಆಟದ ಮೈದಾನ ಎಲ್ಲ ಒಳಗೇ. ಜಾಲಹಳ್ಳಿ ಕಡೆ ಎಚ್‌ಎಂಟಿ ಮತ್ತು ಬಿಇಎಲ್ ಕಾಲೊನಿಗಳು. ಎಲ್ಲರಿಗೂ ಕ್ವಾರ್ಟರ್ಸ್ ಸಿಗಲಿಲ್ಲ, ಆದರೆ ಸಿಗದವರನ್ನು ಕರೆತರಲು ಕಾರ್ಖಾನೆಯ ಬಸ್ಸುಗಳು ಇದ್ದವು. ಬೆಳಿಗ್ಗೆ ಗೊತ್ತಾದ ಮೂಲೆಯಲ್ಲಿ ನಿಂತರೆ ಬಸ್ಸು ಬರುತ್ತಿತ್ತು. ಐಟಿಐ ಕಾಲೊನಿ ನಮ್ಮ ರೈಲು ಹಾದಿಗೆ ಹತ್ತಿರ. ನಮ್ಮ ಕಡೆಯ ಹಳ್ಳಿಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದವರು, ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಓದಿಸಿದವರು, ರಿಟೈರಾದ ಮೇಲೆ ಪಕ್ಕದಲ್ಲೇ ಒಂದು ಸೈಟಿನಲ್ಲಿ ಮನೆ ಕಟ್ಟಿದವರು ನಿಮ್ಮ ನೆಂಟರಲ್ಲೂ ಒಬ್ಬರಾದರೂ ಇರುತ್ತಾರೆ.

ಸರ್ಕಾರದ ಕಡೆಯಿಂದ 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, ರಾಜಾಜಿನಗರ ಅದರ ಹಿಂದೆಯೇ ಬಂತು. ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆಯವರು ಅರ್ಜಿ ಹಾಕಿ ಕಾದು ಸೈಟು ಪಡೆದರು. ಕಾಯಬೇಕಿತ್ತು, ನಿಜ. ಕಾದರೆ ಸಿಗುತ್ತಿತ್ತು, ಅದೂ ನಿಜ.

ಊರೊಳಗಿನ ಬಸ್ಸು 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಅನ್ನುವ ಖಾಸಗಿಯವರಿಂದ ಶುರುವಾಯಿತು. 1956ರಲ್ಲಿ ಸರ್ಕಾರ ಅದನ್ನು ತೆಗೆದುಕೊಂಡಿತು. ಅದೇ ಬಿಟಿಎಸ್. ಬಿಟಿಎಸ್ ಅಂದರೆ 'ಬಿಟ್ಟರೆ ತಿರುಗಿ ಸಿಗದು' ಅಂತ ಜನ ತಮಾಷೆ ಮಾಡುತ್ತಿದ್ದರು. ಸಿಕ್ಕಿದ ಬಸ್ಸಲ್ಲಿ ಜೋತುಬಿದ್ದು ಹೋಗುತ್ತಿದ್ದರು. 1997ರಲ್ಲಿ ಅದು ಬಿಎಂಟಿಸಿ ಆಯಿತು. ಎಲ್ಲ ಬಸ್ಸೂ ಹೋಗಿ ಸೇರುವ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆಯಲ್ಲ, ಅದು ಧರ್ಮಾಂಬುಧಿ ಕೆರೆಯ ಅಂಗಳ. ಪೇಟೆಗೆ ನೀರು ಕೊಡುತ್ತಿದ್ದ ಕೆರೆ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಬೆಂಗಳೂರಿನವರಿಗೆ ಜಾಗ ಬೇಕಾದಾಗಲೆಲ್ಲ ಮೊದಲು ಕಣ್ಣಿಗೆ ಬಿದ್ದದ್ದು ಕೆರೆ, ಆಮೇಲೆ ಹಳ್ಳಿ.

ಹೊಲ ಹೋಗಿ ಸೈಟು ಬಂತು

ಹಳ್ಳಿಯ ವಿಷಯಕ್ಕೇ ಬರೋಣ, ಓದುವವರು ನೀವು ಹಳ್ಳಿಯವರೇ ಆದ್ದರಿಂದ.

1976ರಲ್ಲಿ ಟ್ರಸ್ಟ್ ಬೋರ್ಡ್ ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು, ಬಿಡಿಎ. ಅದರ ಕೆಲಸದ ರೀತಿ ಸರಳ. ಊರಿನ ಸುತ್ತಲ ಹಳ್ಳಿಗಳ ಜಮೀನಿಗೆ ನೋಟಿಫಿಕೇಷನ್ ಹೊರಡಿಸುವುದು, ಸರ್ಕಾರಿ ದರದಲ್ಲಿ ಪರಿಹಾರ ಕೊಟ್ಟು ತೆಗೆದುಕೊಳ್ಳುವುದು, ರಸ್ತೆ ಚರಂಡಿ ಮಾಡಿ ಸೈಟು ಹಂಚುವುದು. ಬೆಂಗಳೂರಿನ ಒಳ್ಳೊಳ್ಳೆ ಬಡಾವಣೆಗಳು ಹೀಗೇ ಆದವು. ಹಳ್ಳಿಯ ಗ್ರಾಮಠಾಣವನ್ನು ಮಾತ್ರ ಹಾಗೇ ಬಿಡುತ್ತಿದ್ದರು. ಅಗಲವಾದ ಬಡಾವಣೆಯ ನಡುವೆ ಇದ್ದಕ್ಕಿದ್ದಂತೆ ಒಂದು ಮಾರಮ್ಮನ ಗುಡಿ, ಒಂದು ಅರಳಿಕಟ್ಟೆ, ಎರಡು ಎಮ್ಮೆ, ಕೈ ಚಾಚಿದರೆ ಎದುರು ಮನೆಯ ಗೋಡೆ ಮುಟ್ಟುವಷ್ಟು ಸಣ್ಣ ಗಲ್ಲಿ ಸಿಗುತ್ತದಲ್ಲ, ಅದು ಉಳಿದುಕೊಂಡ ಹಳ್ಳಿ.

ಹೊಲ ಹೋದ ಮೇಲೆ ಆ ರೈತರು ಏನು ಮಾಡಬೇಕು? ಉಳಿದಿದ್ದು ಮನೆ ಮತ್ತು ಹಿತ್ತಲು. ದನದ ಕೊಟ್ಟಿಗೆ ತೆಗೆದು ಅಲ್ಲಿ ನಾಲ್ಕು ಶೀಟ್ ಮನೆ ಹಾಕಿದರು, ಬಾಡಿಗೆಗೆ ಕೊಟ್ಟರು. ದುಡ್ಡು ಸೇರಿದ ಹಾಗೆ ಮೇಲಕ್ಕೆ ಒಂದು, ಅದರ ಮೇಲೆ ಒಂದು. ಬೆಂಗಳೂರಿಗೆ ಬಂದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಡ್ರೈವರುಗಳು, ಗಾರೆ ಕೆಲಸದವರು ಇದ್ದದ್ದು, ಈಗಲೂ ಇರುವುದು ಇಂಥ ಕಡೆಯೇ. ಬಡವರಿಗೆ ಬಾಡಿಗೆ ಮನೆ ಕಟ್ಟುವ ಕೆಲಸವನ್ನು ಬೆಂಗಳೂರಿನಲ್ಲಿ ಯಾವ ಪ್ರಾಧಿಕಾರಕ್ಕಿಂತಲೂ ಹೆಚ್ಚಾಗಿ ಮಾಡಿದವರು ಜಮೀನು ಕಳೆದುಕೊಂಡ ರೈತರು. ಯಾರೂ ಹೇಳಿ ಮಾಡಿಸಿದ್ದಲ್ಲ, ಹೊಟ್ಟೆಪಾಡಿಗೆ ಮಾಡಿದ್ದು.

ಬಿಡಿಎ ಸೈಟು ಸಾಕಾಗಲಿಲ್ಲ. ಜನಸಂಖ್ಯೆ 1981ಕ್ಕೆ ಸುಮಾರು 29 ಲಕ್ಷ, 1991ಕ್ಕೆ 41 ಲಕ್ಷ ದಾಟಿತು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದರು. ಇತ್ತ ರೈತನಿಗೆ ಭಯ, ಇವತ್ತಲ್ಲ ನಾಳೆ ನೋಟಿಫಿಕೇಷನ್ ಬರುತ್ತದೆ, ಆಗ ಸಿಗುವುದು ಸರ್ಕಾರಿ ರೇಟು. ಅದಕ್ಕಿಂತ ಈಗಲೇ ಮಾರುವುದು ಮೇಲು. ಆದರೆ ಬೇಸಾಯಗಾರ ಅಲ್ಲದವನು ಕೃಷಿ ಜಮೀನು ಕೊಳ್ಳಲು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಬಿಡುತ್ತಿರಲಿಲ್ಲ. ಹಾಗಾಗಿ ನಡುವೆ ಬ್ರೋಕರು ಬಂದ. ಜಿಪಿಎ ಮಾಡಿಸಿಕೊಂಡು, ಕನ್ವರ್ಷನ್ ಇಲ್ಲದೆಯೇ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು ಮಾರಿದ. ಇದೇ ರೆವಿನ್ಯೂ ಸೈಟು.

ಕೊಂಡವರಲ್ಲಿ ಹೆಚ್ಚಿನವರು ಬಡವರು, ಕೆಳ ಮಧ್ಯಮದವರು. ಆಟೋ ಓಡಿಸುವವರು, ಕಾರ್ಖಾನೆಯವರು, ಊರಲ್ಲಿ ಒಂದೆಕರೆ ಮಾರಿ ಬಂದವರು. ಮನೆ ಕಟ್ಟಿ, ಕರೆಂಟ್ ಹಾಕಿಸಿ, ತೆರಿಗೆ ಕಟ್ಟಿದ ಮೇಲೂ ಅದು ಕಾನೂನಿನ ಕಣ್ಣಿಗೆ ಅಕ್ರಮವೇ. ಬ್ಯಾಂಕು ಸಾಲ ಕೊಡುವುದಿಲ್ಲ, ಪ್ಲಾನ್ ಸಿಗುವುದಿಲ್ಲ, ಖಾತೆ ಬಿ ಖಾತೆ. ಅಕ್ರಮ–ಸಕ್ರಮ ಅಂತ ಸರ್ಕಾರ 2007ರಲ್ಲಿ ಕಾನೂನು ತಂದಿತು. ಕೋರ್ಟಿಗೆ ಹೋಯಿತು, 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇನ್ನು 79ಎ, 79ಬಿ ಕಲಂಗಳನ್ನು ಸರ್ಕಾರ 2020ರಲ್ಲಿ ತೆಗೆದೇ ಹಾಕಿತು. ಈಗ ಯಾರು ಬೇಕಾದರೂ ಬಂದು ನಿಮ್ಮ ಹೊಲ ಕೊಳ್ಳಬಹುದು. ಬೆಂಗಳೂರಿನ ಸುತ್ತ ಐವತ್ತು ಅರವತ್ತು ಕಿಲೋಮೀಟರಿನಲ್ಲಿ ಎಕರೆ ರೇಟು ಯಾಕೆ ಹೀಗೆ ಕುಣಿಯುತ್ತಿದೆ ಅನ್ನುವುದಕ್ಕೆ ಇದೂ ಒಂದು ಕಾರಣ.

ನೋಟಿಫಿಕೇಷನ್ನಿನ ಬಿಸಿ ಎಂಥದ್ದು ಅಂದರೆ, ಪೆರಿಫೆರಲ್ ರಿಂಗ್ ರೋಡಿಗೆ 2007ರಲ್ಲಿ ಅಂತಿಮ ಅಧಿಸೂಚನೆ ಆಯಿತು. ರಸ್ತೆ ಆಗಲಿಲ್ಲ. ಹದಿನೈದು ವರ್ಷ ಕಳೆದರೂ ಆ ಹಳ್ಳಿಗಳ ರೈತರು ಜಮೀನು ಮಾರುವಂತಿಲ್ಲ, ಮೇಲೆ ಸಾಲ ತೆಗೆಯುವಂತಿಲ್ಲ, ಮಗಳ ಮದುವೆಗೆ ಒಂದು ಗುಂಟೆ ಬಿಡಿಸುವಂತಿಲ್ಲ. 2013ರಲ್ಲಿ ಬಂದ ಹೊಸ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ಕೊಡಿ ಅಂತ ಅವರು ಕೇಳುತ್ತಲೇ ಬಂದರು. ಈಗ ಆ ರಸ್ತೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೊಸ ಹೆಸರು ಇಟ್ಟಿದ್ದಾರೆ.

ಗಣಿ ಮುಚ್ಚಿತು, ರೈಲು ತುಂಬಿತು

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ಕೆಲಸ ಕೊಟ್ಟ ಊರಿನಲ್ಲಿ ಕೆಲಸ ಇಲ್ಲವಾಯಿತು.

ಲೈನುಗಳು ಇದ್ದವು, ಜನ ಇದ್ದರು, ಸೈರನ್ ಮಾತ್ರ ನಿಂತಿತ್ತು. ಓದಿದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಗಣಿ ಊರಿನ ಸ್ಕೂಲುಗಳ ಪುಣ್ಯ. ಬೆಂಗಳೂರಿನಲ್ಲಿ ಆಗ ಮಾಲು, ಕಾಲ್ ಸೆಂಟರು, ಸಾಫ್ಟ್‌ವೇರ್ ಕಂಪನಿ ಒಂದರ ಹಿಂದೆ ಒಂದು ಏಳುತ್ತಿದ್ದವು. ಗಣಿಗೆಂದು 1894ರಲ್ಲಿ ಹಾಕಿದ ಕವಲು ಹಳಿ ಈಗ ಉಲ್ಟಾ ಕೆಲಸಕ್ಕೆ ಬಂತು. ಮೊದಲು ಅದರ ಮೇಲೆ ಗಣಿಗೆ ಕೂಲಿ ಬರುತ್ತಿದ್ದ. ಈಗ ಗಣಿಯ ಮಕ್ಕಳು ಕೂಲಿಗೆ ಹೊರಗೆ ಹೋಗತೊಡಗಿದರು.

ಅವರು ಬೆಂಗಳೂರಿಗೆ ಮನೆ ಬದಲಾಯಿಸಲಿಲ್ಲ, ಯಾಕೆಂದರೆ ಲೆಕ್ಕ ಕೂಡಿ ಬರಲಿಲ್ಲ. ಕೆಜಿಎಫ್‌ನಲ್ಲಿ ತಾತನ ಕಾಲದ ಕಂಪನಿ ಮನೆ ಇತ್ತು, ಎಷ್ಟೇ ಸಣ್ಣದಾದರೂ ತಲೆ ಮೇಲೆ ಸೂರು. ಬೆಂಗಳೂರಿನಲ್ಲಿ ಬಾಡಿಗೆಗಿಂತ ಮುಂಚೆ ಅಡ್ವಾನ್ಸ್ ಕೇಳುತ್ತಾರೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ಒಟ್ಟಿಗೆ ಕೊಡುವ ಪದ್ಧತಿ ಅಲ್ಲಿ ಬೇರೂರಿದೆ. ಸುಮ್ಮನೆ ಲೆಕ್ಕಕ್ಕೆ ಹೇಳುತ್ತೇವೆ, ತಿಂಗಳಿಗೆ 8 ಸಾವಿರ ಬಾಡಿಗೆ ಅಂದುಕೊಳ್ಳಿ. ಅಡ್ವಾನ್ಸ್ 80 ಸಾವಿರ. ಅದು ಇಲ್ಲದವನು ಸಂಘದಲ್ಲೋ ಬಡ್ಡಿಯವರ ಹತ್ತಿರವೋ ಸಾಲ ತೆಗೆಯಬೇಕು. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಕರಾರು ಪತ್ರ 11 ತಿಂಗಳದ್ದು, ಯಾಕೆಂದರೆ ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು. ಹನ್ನೊಂದು ತಿಂಗಳಾದ ಮೇಲೆ ಬಾಡಿಗೆ ಏರಿಸು, ಇಲ್ಲ ಜಾಗ ಖಾಲಿ ಮಾಡು. ಕೈಯಲ್ಲಿ ಇಡಿಗಂಟು ಇರುವವರು ಭೋಗ್ಯಕ್ಕೆ ಹೋಗುತ್ತಾರೆ, ನಾಲ್ಕೈದು ಲಕ್ಷ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು. ಆ ದುಡ್ಡು ಎಷ್ಟೋ ಸಲ ಬರುವುದು ಊರಿನ ಜಮೀನಿನ ಮೇಲಿನ ಸಾಲದಿಂದ. ಹೊಲ ಇಲ್ಲಿ ಅಡ, ಮನೆ ಅಲ್ಲಿ ಭೋಗ್ಯ.

ಇದರ ಎದುರಿಗೆ ರೈಲಿನ ತಿಂಗಳ ಪಾಸು ಕೆಲವೇ ನೂರು ರೂಪಾಯಿ. ಹಣ ಉಳಿಯುತ್ತದೆ, ನಿದ್ದೆ ಹೋಗುತ್ತದೆ. ನಿದ್ದೆಗೆ ಯಾರೂ ಅಡ್ವಾನ್ಸ್ ಕೇಳುವುದಿಲ್ಲವಲ್ಲ.

ಎಲ್ಲವೂ ಆ ಒಂದು ರೈಲಿನ ಮೇಲೆ ನಿಂತಿದೆ ಅನ್ನುವುದು ಸರಿಯಾಗಿ ಗೊತ್ತಾಗಿದ್ದು 2020ರ ಮಾರ್ಚಿನಲ್ಲಿ. ಲಾಕ್‌ಡೌನ್ ಆಗಿ ರೈಲು ನಿಂತಿತು. ಜೂನಿನಿಂದ ಆಫೀಸು, ಅಂಗಡಿಗಳು ಬಾಗಿಲು ತೆರೆದವು, ಪಾಸಿನವರ ರೈಲು ಮಾತ್ರ ಬೇಗ ಬರಲಿಲ್ಲ. ಕೆಲವರು ಸೇರಿ ಗಾಡಿ ಮಾಡಿಕೊಂಡು ಹೋದರು. ಬೈಕಿನಲ್ಲಿ ಹೋದರು. ಅಷ್ಟು ಖರ್ಚು ಮಾಡಲಾಗದವರು ಕೆಲಸ ಬಿಟ್ಟರು.

ಆಫೀಸು ಮೊದಲು, ಮೆಟ್ರೋ ಆಮೇಲೆ

ವೈಟ್‌ಫೀಲ್ಡನ್ನೇ ನೋಡಿ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯಕ್ಕೆಂದು ಮೈಸೂರು ಮಹಾರಾಜರು ಜಮೀನು ಕೊಟ್ಟು ಆದ ಊರು ಅದು. ರೈಲು ಹಳಿ ಪಕ್ಕದಲ್ಲೇ ಇತ್ತು. ನೂರು ವರ್ಷ ತಣ್ಣಗಿದ್ದ ಊರಿಗೆ 1990ರ ದಶಕದ ಕೊನೆಯಲ್ಲಿ ಐಟಿಪಿಎಲ್ ಬಂತು, ಅದರ ಹಿಂದೆ ನೂರಾರು ಕಂಪನಿ ಬಂದವು. ಮೆಟ್ರೋ ಬಂದಿದ್ದು 2023ರ ಮಾರ್ಚಿನಲ್ಲಿ. ಅಂದರೆ ಸುಮಾರು ಇಪ್ಪತ್ತೈದು ವರ್ಷ ಲಕ್ಷಾಂತರ ಜನರನ್ನು ಒಂದು ಮಾಮೂಲಿ ರಸ್ತೆಯ ಮೇಲೆ ಬಿಟ್ಟರು. ಬಂದ ಮೆಟ್ರೋ ಕೂಡ ಮೊದಲು ಕೆ.ಆರ್. ಪುರಂ ತನಕ ಮಾತ್ರ. ಅಲ್ಲಿಂದ ಬೈಯಪ್ಪನಹಳ್ಳಿಗೆ ಇರುವ ಚಿಕ್ಕ ತುಂಡು ಸೇರಲು ಅದೇ ವರ್ಷದ ಅಕ್ಟೋಬರ್ ಆಯಿತು. ಅಲ್ಲಿಯವರೆಗೆ ಇಳಿದು, ಬಸ್ಸು ಹತ್ತಿ, ಮತ್ತೆ ಹತ್ತಬೇಕಿತ್ತು.

ಎಲೆಕ್ಟ್ರಾನಿಕ್ಸ್ ಸಿಟಿಯದ್ದು ಇನ್ನೂ ಚೆನ್ನಾಗಿದೆ. ಕಿಯೋನಿಕ್ಸ್ ಸಂಸ್ಥೆ ಅದನ್ನು 1970ರ ದಶಕದ ಕೊನೆಯಲ್ಲೇ ಶುರುಮಾಡಿತು. ಹಳದಿ ಮಾರ್ಗದ ಮೆಟ್ರೋ ಅಲ್ಲಿಗೆ ಓಡಿದ್ದು 2025ರ ಆಗಸ್ಟಿನಲ್ಲಿ. ಕೆಲಸಕ್ಕೆ ಸೇರಿದವನು ರಿಟೈರಾಗಿ ಹೋಗಿದ್ದಾನೆ.

ಮೆಟ್ರೋ ಬೇಡ ಅಂತ ನಾವು ಹೇಳುತ್ತಿಲ್ಲ. 2006ರಲ್ಲಿ ಅಡಿಗಲ್ಲು ಬಿದ್ದು, 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಆರೇಳು ಕಿಲೋಮೀಟರ್ ಓಡಿದ ಮೆಟ್ರೋ ಈಗ 96 ಕಿಲೋಮೀಟರ್ ಆಗಿದೆ. ನಮ್ಮ ರೈಲಿನಿಂದ ವೈಟ್‌ಫೀಲ್ಡ್, ಕೆ.ಆರ್. ಪುರಂನಲ್ಲಿ ಇಳಿಯುವವರಿಗೆ ಅನುಕೂಲವೂ ಆಗಿದೆ, ಟಿನ್ ಫ್ಯಾಕ್ಟ್ರಿಯಲ್ಲಿ ಬಸ್ಸಿಗೆ ಓಡುವ ಪಾಡು ಕೆಲವರಿಗಾದರೂ ತಪ್ಪಿದೆ. ಆದರೆ ಎರಡು ಮಾತು ಹೇಳಬೇಕು. ಒಂದು, 2025ರ ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಅದಕ್ಕೆ ಒಂದು ತಿಂಗಳ ಮುಂಚೆ ಸರ್ಕಾರಿ ಬಸ್ಸಿನ ದರವೂ ಶೇಕಡಾ 15 ಏರಿತ್ತು. ಇಂಥ ಕಡೆ ದಿನಗೂಲಿಯವನು ಮೆಟ್ರೋ ಸ್ಟೇಷನ್ನಿನ ಕೆಳಗೆ ನಿಂತು ಬಿಎಂಟಿಸಿ ಬಸ್ಸಿಗೇ ಕಾಯುತ್ತಾನೆ. ಎರಡು, ಸ್ಟೇಷನ್ ಎಲ್ಲಿ ಬರುತ್ತದೆ ಅಂತ ಗೊತ್ತಾದ ದಿನವೇ ಅಲ್ಲಿನ ಬಾಡಿಗೆ ಏರುತ್ತದೆ. ಮೆಟ್ರೋ ಯಾರಿಗೆ ಹೆಚ್ಚು ಬೇಕೋ ಅವರನ್ನು ಅದು ಇನ್ನಷ್ಟು ದೂರ ತಳ್ಳುತ್ತದೆ. ಹಳಿ ಹಾಕುವವರು ಅದರ ಪಕ್ಕದಲ್ಲಿ ಕಡಿಮೆ ಬಾಡಿಗೆಯ ಮನೆಯನ್ನೂ ಕಟ್ಟಿದ್ದರೆ ಮಾತು ಬೇರೆ ಇರುತ್ತಿತ್ತು. ಕಟ್ಟಲಿಲ್ಲ.

ಬಡವರಿಗೆಂದೇ ಊರೊಳಗೆ ಕಟ್ಟಿದ ಮನೆಗಳ ಗತಿಯೂ ಏನಾಯಿತು ಅಂತ ನೋಡಬೇಕೆಂದರೆ ಕೋರಮಂಗಲದ ಪಕ್ಕದ ಈಜಿಪುರಕ್ಕೆ ಹೋಗಬೇಕು. ಪಾಲಿಕೆ ಅಲ್ಲಿ ಸಾವಿರದೈನೂರರಷ್ಟು ಸಣ್ಣ ಮನೆಗಳ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಕಟ್ಟಿತ್ತು. ಕಟ್ಟಿದ ಕೆಲವೇ ವರ್ಷಗಳಲ್ಲಿ ಕಟ್ಟಡಗಳು ಶಿಥಿಲವಾಗಿ ಕುಸಿಯತೊಡಗಿದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡರು. ಜಾಗದ ಒಂದು ಭಾಗದಲ್ಲಿ ಮಾಲ್, ಇನ್ನೊಂದು ಭಾಗದಲ್ಲಿ ಮನೆ ಅಂತ ಖಾಸಗಿಯವರ ಜೊತೆ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಜೆಸಿಬಿ ತಂದು ಎಲ್ಲರನ್ನೂ ಎಬ್ಬಿಸಿದರು. ಆ ಚಳಿಯಲ್ಲಿ ಎಷ್ಟೋ ಸಂಸಾರಗಳು ಪಾತ್ರೆ ಪಗಡೆ ಇಟ್ಟುಕೊಂಡು ಫುಟ್‌ಪಾತಿನಲ್ಲಿ ಕೂತವು. ಅಲ್ಲಿದ್ದ ಹೆಂಗಸರು ಸುತ್ತಲಿನ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರು, ನಡೆದೇ ಹೋಗಿ ಬರುತ್ತಿದ್ದವರು.

ಹೂವಿನ ಹೆಸರಿನ ರೈಲುಗಳು

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು. ಹಳ್ಳಿಗಳಿಗೆ ನಗರದ ತೆರಿಗೆ ಬಂತು, ಕಾವೇರಿ ನೀರು ಬರಲಿಲ್ಲ. ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಕೋಲಾರಕ್ಕೆ ಅದಕ್ಕಿಂತ ಮುಂಚೆ, 2018ರಲ್ಲೇ, ಬೆಂಗಳೂರಿನಿಂದ ನೀರು ಬಂದಿದೆ. ಅದು ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಚರಂಡಿ ನೀರು, ಕೆರೆ ತುಂಬಿಸಲು. ನಮ್ಮ ಜನ ಅಲ್ಲಿಗೆ ದುಡಿಯಲು ಹೋಗುತ್ತಾರೆ, ಅವರು ಬಳಸಿದ ನೀರು ಇಲ್ಲಿಗೆ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು.

ಸಬ್‌ಅರ್ಬನ್ ರೈಲು ಬೇಕು ಅನ್ನುವ ಮಾತು 1980ರ ದಶಕದಿಂದಲೂ ಇದೆ. ಹಳಿ ಆಗಲೇ ಇತ್ತು, ಮೆಟ್ರೋಗಿಂತ ಖರ್ಚು ಕಡಿಮೆ, ಊರ ಹೊರಗಿನವರಿಗೆ ಉಪಯೋಗ ಹೆಚ್ಚು. ಆದರೂ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ, 148 ಕಿಲೋಮೀಟರಿಗೆ ಸುಮಾರು 15,767 ಕೋಟಿ ರೂಪಾಯಿ ಅಂತ. 2022ರ ಜೂನಿನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದರು, 40 ತಿಂಗಳ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿದವು. ಒಂದು ಮಾರ್ಗವೂ ಓಡಲಿಲ್ಲ. ನಾಲ್ಕು ಮಾರ್ಗಕ್ಕೂ ಹೂವಿನ ಹೆಸರು ಇಟ್ಟಿದ್ದಾರೆ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೆಸರಲ್ಲಿ ನಮಗೇನೂ ತಕರಾರಿಲ್ಲ.

ತಕರಾರು ಇರುವುದು ಅದು ನಿಲ್ಲುವ ಜಾಗದ ಬಗ್ಗೆ. ನಮ್ಮ ಕಡೆಯ ಪಾರಿಜಾತ ಮಾರ್ಗ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ಗೆ ನಿಲ್ಲುತ್ತದೆ. ಮಾಲೂರು, ಬಂಗಾರಪೇಟೆ, ಕೆಜಿಎಫ್ ಅದರ ಆಚೆಗೆ. ಸರಿ, ಇರುವ ಹಳಿಯಾದರೂ ಸಾಕು ಅಂದರೆ, ವೈಟ್‌ಫೀಲ್ಡ್‌ನಿಂದ ಕಂಟೋನ್ಮೆಂಟ್‌ವರೆಗೆ ಚೆನ್ನೈ ಎಕ್ಸ್‌ಪ್ರೆಸ್ಸುಗಳೂ, ಗೂಡ್ಸ್ ಗಾಡಿಗಳೂ, ನಮ್ಮ ಪ್ಯಾಸೆಂಜರ್ ಗಾಡಿಗಳೂ ಅದೇ ಹಳಿ ಹಂಚಿಕೊಳ್ಳಬೇಕು. ಅಲ್ಲಿ ನಾಲ್ಕು ಹಳಿ ಹಾಕುವ ಕೆಲಸ ವರ್ಷಗಳಿಂದ ನಡೆಯುತ್ತಲೇ ಇದೆ. ಎಕ್ಸ್‌ಪ್ರೆಸ್ ಬಂದರೆ ಪ್ಯಾಸೆಂಜರನ್ನು ಲೂಪ್ ಲೈನಿಗೆ ಹಾಕಿ ನಿಲ್ಲಿಸುತ್ತಾರೆ. ನಿಂತ ರೈಲಿನೊಳಗೆ ಇರುವವರು ಗಡಿಯಾರ ನೋಡಿಕೊಳ್ಳುತ್ತಾರೆ, ಸೂಪರ್‌ವೈಸರ್‌ಗೆ ಫೋನ್ ಹಚ್ಚುತ್ತಾರೆ. ಎಷ್ಟೋ ಕಡೆ ಅರ್ಧ ಗಂಟೆ ತಡವಾದರೆ ಅರ್ಧ ದಿನದ ಸಂಬಳ ಕಟ್.